ಎರಡು ಸಕ್ಕರೆ ನಾಡುಗಳು

(ಶುಗರ್ ಲ್ಯಾಂಡ್‌ನಲ್ಲಿ ಸೇರಿದ್ದ ಕನ್ನಡ ಓದುಗರೆದುರು ಮಾಡಿದ ಉಪನ್ಯಾಸದ ಬರಹ ರೂಪ)



ನನಗೆ ಒಪ್ಪಿಸಿದ ವಿಷಯ 'ಮುಂದುವರಿದ ದೇಶಗಳಿಗೂ ಮುಂದುವರಿಯುತ್ತಿರುವ ದೇಶಗಳಿಗೂ ಇರುವ ವ್ಯತ್ಯಾಸ'. ಹೈಸ್ಕೂಲಿನ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತಿದ್ದ ಪ್ರಶ್ನೆಯಿದು. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಗಡೆ ತಲಾದಾಯ, ಸಾಕ್ಷರತೆ, ಕೈಗಾರಿಕೆ ಎಂದು ಬರೆದು, ಬಲಗಡೆ ಅವುಗಳ ಕೊರತೆಯನ್ನು ಬರೆದರೆ ಪೂರ್ತಿ ಅಂಕ. ಇಲ್ಲಿ ಕುಳಿತಿರುವ ನಾವೆಲ್ಲ ಆ ಗೆರೆಯನ್ನು ವಿಮಾನದಲ್ಲಿ ದಾಟಿ ಬಂದವರು. ಗೆರೆ ನಿಜವೆಂದು ನಂಬುವುದರಲ್ಲಿ ನಮಗೆ ಸ್ವಂತದ ಹಿತವಿದೆ. ಬಂದದ್ದಕ್ಕೆ ಅದೇ ತಾನೆ ಸಮರ್ಥನೆ.

ಗೆರೆಯನ್ನು ಎಳೆದವರು ಯಾರು? ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ 1949ರ ಜನವರಿ 20ರ ಅಧಿಕಾರ ಸ್ವೀಕಾರ ಭಾಷಣದಲ್ಲಿ ಜಗತ್ತಿನ ಬಹುಭಾಗವನ್ನು 'ಹಿಂದುಳಿದ ಪ್ರದೇಶ'ಗಳೆಂದು ಕರೆದು, ಅವುಗಳ ಏಳಿಗೆಗೆ ನೆರವು ನೀಡುವ ಮಾತಾಡಿದರು. ಅದಕ್ಕೆ ಮೊದಲು ವಸಾಹತುಗಳೆನಿಸಿದ್ದ ನಾಡುಗಳು ಅಲ್ಲಿಂದಾಚೆಗೆ ಹಿಂದುಳಿದ ನಾಡುಗಳಾದವು. ಲೂಟಿಗೊಳಗಾದವರು ಎಂಬುದಕ್ಕೂ ಹಿಂದುಳಿದವರು ಎಂಬುದಕ್ಕೂ ಇರುವ ಅಂತರ ನಿಮಗೆ ತಿಳಿದೇ ಇದೆ. ಕುತೂಹಲದ ಸಂಗತಿಯೆಂದರೆ, ವಿಶ್ವಬ್ಯಾಂಕ್ 2016ರಲ್ಲಿ ತನ್ನ ಅಂಕಿಅಂಶಗಳ ಪ್ರಕಟಣೆಯಲ್ಲಿ ಈ ಇಬ್ಭಾಗವನ್ನೇ ಕೈಬಿಟ್ಟಿತು. ಆದರೆ ವ್ಯಾಪಾರದ ಲೋಕ ಬಿಟ್ಟಿಲ್ಲ. ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಯಾವ ದೇಶವಾದರೂ ತಾನು ಮುಂದುವರಿಯುತ್ತಿರುವ ದೇಶವೆಂದು ತಾನೇ ಘೋಷಿಸಿಕೊಳ್ಳಬಹುದು. ಅದಕ್ಕೆ ತಕ್ಕ ರಿಯಾಯಿತಿಗಳನ್ನು ಕೇಳಬಹುದು. ಬಡ ದೇಶಗಳ ಸರಕಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿಯಿಂದ ಭಾರತವನ್ನು 2019ರ ಜೂನ್ 5ರಂದು ಹೊರಗಿಟ್ಟರು. ಹೀಗೆ ಈ ಪದಕ್ಕೆ ಪಠ್ಯಪುಸ್ತಕದಲ್ಲಿ ಒಂದು ಅರ್ಥ, ಬಂದರಿನಲ್ಲಿ ಇನ್ನೊಂದು ಅರ್ಥ.

ದೇಶ ದೇಶಗಳನ್ನು ತೂಗುವ ಬದಲು ನಾನು ಎರಡು ಊರುಗಳನ್ನು ನೋಡಬೇಕೆಂದಿದ್ದೇನೆ. ನಾವಿಂದು ಕುಳಿತಿರುವ ಊರಿನ ಹೆಸರನ್ನು ಕನ್ನಡಕ್ಕೆ ತಂದರೆ ಸಕ್ಕರೆ ನಾಡು. ಕರ್ನಾಟಕದಲ್ಲಿ ಸಕ್ಕರೆ ನಾಡು ಎಂದರೆ ಮಂಡ್ಯ. ಈ ಕಾಕತಾಳೀಯವನ್ನು ತಮಾಷೆಗೆಂದು ಹಿಡಿದು ಹೊರಟರೆ ತಮಾಷೆ ಬಹಳ ದೂರ ಬರುವುದಿಲ್ಲ.

ಫೋರ್ಟ್ ಬೆಂಡ್ ಕೌಂಟಿಯ ಈ ಭೂಮಿಯಲ್ಲಿ ಕಬ್ಬು ಬೆಳೆದವರು ಮೊದಲು ಗುಲಾಮರು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಅದನ್ನು ರದ್ದುಗೊಳಿಸಿದ ಹದಿಮೂರನೆಯ ತಿದ್ದುಪಡಿ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವುದನ್ನು ಹೊರತುಪಡಿಸಿತ್ತು. ಆ ಒಂದು ಹೊರತು ಸಾಕಾಯಿತು. ಅಲೆಮಾರಿತನ, ಸಣ್ಣಪುಟ್ಟ ಕಳವುಗಳಂತಹ ಆರೋಪಗಳ ಮೇಲೆ ಕಪ್ಪು ಜನರನ್ನು ಸೆರೆಗೆ ತಳ್ಳಿ, ಸರ್ಕಾರ ಅವರನ್ನು ತೋಟದ ಮಾಲೀಕರಿಗೆ ಗುತ್ತಿಗೆ ಕೊಡತೊಡಗಿತು. 1878ರಲ್ಲಿ ಎಲಿಸ್ ಮತ್ತು ಕನಿಂಗ್‌ಹ್ಯಾಮ್ ಎಂಬ ಇಬ್ಬರು ಇಡೀ ಟೆಕ್ಸಾಸ್ ರಾಜ್ಯದ ಕೈದಿಗಳನ್ನೇ ಗುತ್ತಿಗೆ ಹಿಡಿದರು. ಗುಲಾಮ ಸತ್ತರೆ ಯಜಮಾನನಿಗೆ ನಷ್ಟವಿತ್ತು. ಗುತ್ತಿಗೆಯ ಕೈದಿ ಸತ್ತರೆ ಬೇರೊಬ್ಬ ಬರುತ್ತಿದ್ದ. ಜೌಗು ನೆಲ, ಜ್ವರ, ಚಾಟಿ, ಬೇಸಗೆಯ ಬಿಸಿಲು. 1908ರಲ್ಲಿ ಕನಿಂಗ್‌ಹ್ಯಾಮ್‌ನ ತೋಟ ಮತ್ತು ಕಾರ್ಖಾನೆ ಕೆಂಪ್ನರ್ ಹಾಗೂ ಎಲ್ಡ್ರಿಜ್ ಅವರ ಕೈಸೇರಿ, ಇಂಪೀರಿಯಲ್ ಶುಗರ್ ಕಂಪನಿಯ ಊರು ಬೆಳೆಯಿತು. ಕಾರ್ಖಾನೆ 2003ರಲ್ಲಿ ನಿಂತಿತು. ಆ ಹಳೆಯ ಇಟ್ಟಿಗೆಯ ಕಟ್ಟಡವನ್ನು ನೀವೆಲ್ಲ ದಿನವೂ ಕಾರಿನಿಂದ ನೋಡುತ್ತೀರಿ.

2018ರ ಫೆಬ್ರವರಿಯಲ್ಲಿ, ಫೋರ್ಟ್ ಬೆಂಡ್ ಶಾಲಾ ಜಿಲ್ಲೆ ಕಟ್ಟಿಸುತ್ತಿದ್ದ ವೃತ್ತಿಶಿಕ್ಷಣ ಕೇಂದ್ರದ ಅಡಿಪಾಯ ತೋಡುವಾಗ ಮೂಳೆಗಳು ಸಿಕ್ಕವು. ಅಗೆದಂತೆ 95 ಗೋರಿಗಳು. ಒಬ್ಬಳು ಹೆಂಗಸು, ಉಳಿದವರೆಲ್ಲ ಗಂಡಸರು. ಕಿರಿಯನಿಗೆ ಸುಮಾರು ಹದಿನಾಲ್ಕು ವರ್ಷವಿರಬಹುದೆಂದು ತಜ್ಞರು ಅಂದಾಜಿಸಿದರು. ರೆಜಿನಾಲ್ಡ್ ಮೂರ್ ಎಂಬ ಹಿಂದಿನ ಜೈಲು ಕಾವಲುಗಾರರು ಅಲ್ಲಿ ಗೋರಿಗಳಿರಬಹುದೆಂದು ಮೊದಲೇ ಎಚ್ಚರಿಸುತ್ತ ಬಂದಿದ್ದರು. ಒಬ್ಬಂಟಿಯಾಗಿ ವರ್ಷಗಟ್ಟಲೆ ಕಚೇರಿಗಳನ್ನು ಅಲೆದಿದ್ದರು. 2019ರ ನವೆಂಬರ್‌ನಲ್ಲಿ ಆ 95 ಮಂದಿಯನ್ನು ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಲಾಯಿತು. ಮರುವರ್ಷ ಮೂರ್ ತೀರಿಕೊಂಡರು. ನಮ್ಮ ಎಷ್ಟೋ ಮನೆಗಳ ಮಕ್ಕಳು ಓದುತ್ತಿರುವುದು ಅದೇ ಶಾಲಾ ಜಿಲ್ಲೆಯಲ್ಲಿ. 'ಒಳ್ಳೆಯ ಶಾಲೆಗಳಿವೆ' ಎಂದೇ ನಾವು ಇಲ್ಲಿ ಮನೆ ಕೊಂಡದ್ದು.

ಇನ್ನು ಮಂಡ್ಯ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಎರಡು ದಶಕ ನಡೆಯಿತು. ನಾಲೆಯ ನೀರು ರಾಗಿ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೀಟಶಾಸ್ತ್ರಜ್ಞ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸಂಸ್ಥಾನ ಬಂಡವಾಳ ಹಾಕಿತು, ರೈತರೂ ಷೇರುದಾರರಾದರು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿಯೂ ಮುಳುಗಿದ್ದುಂಟು. ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಜಾಗದಲ್ಲಿ ಕಟ್ಟಿದರು, ಪ್ರವಾಸಿಗರು ಹೋಗುತ್ತಾರೆ. ಎತ್ತಂಗಡಿಯಾದ ಊರುಗಳ ಜನ ಎಲ್ಲಿ ನೆಲೆಯೂರಿದರೆಂದು ಆ ಪ್ರವಾಸಿಗರಲ್ಲಿ ಎಷ್ಟು ಮಂದಿ ಕೇಳಿಯಾರು?

ಈ ಎರಡು ಊರುಗಳ ನಡುವಿನ ಮುಖ್ಯ ವ್ಯತ್ಯಾಸ ನಮ್ಮ ಪಠ್ಯಪುಸ್ತಕದ ಕೋಷ್ಟಕದಲ್ಲಿ ಇರಲಿಲ್ಲ. ಅದು ಭೂಮಿ ಯಾರದ್ದು ಎಂಬ ಪ್ರಶ್ನೆ. ಅಂತರ್ಯುದ್ಧದ ಕೊನೆಯಲ್ಲಿ, 1865ರ ಜನವರಿಯಲ್ಲಿ, ದಕ್ಷಿಣದ ಕರಾವಳಿಯ ಬಿಡುಗಡೆಗೊಂಡ ಗುಲಾಮ ಕುಟುಂಬಗಳಿಗೆ ನಲವತ್ತು ಎಕರೆಯವರೆಗೆ ಜಮೀನು ಕೊಡುವ ಆದೇಶವನ್ನು ಜನರಲ್ ಶೆರ್ಮನ್ ಹೊರಡಿಸಿದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದರು. ಶ್ರೀಮಂತ ದೇಶವೊಂದು ಮಾಡದೆ ಉಳಿಸಿದ ಆ ಕೆಲಸವನ್ನು ಬಡ ರಾಜ್ಯವೊಂದು, ದೇವರಾಜ ಅರಸು ಅವರ ಕಾಲದಲ್ಲಿ, ಬಹುಮಟ್ಟಿಗೆ ಮಾಡಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ, ಉಳುವವನೇ ಹೊಲದೊಡೆಯನಾದ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದರ ಫಲ ಹೆಚ್ಚು ಕಂಡಿತು. ಗೇಣಿಯ ಹಕ್ಕೂ ಇಲ್ಲದೆ ಬರೀ ಕೂಲಿಗಳಾಗಿದ್ದ ದಲಿತರ ಕೈಗೆ ಹೆಚ್ಚಿನ ಭೂಮಿ ಬರಲಿಲ್ಲವೆಂಬುದನ್ನೂ ಇದರ ಜೊತೆಗೇ ಹೇಳಬೇಕು. 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದಾಗ, ಆ ಬಾಗಿಲಲ್ಲಿ ನುಗ್ಗಿದವರಲ್ಲಿ ಅನಿವಾಸಿ ಹಣವೂ ಇತ್ತೆಂಬುದು ನಮ್ಮ ಕೂಟದಲ್ಲಿ ಯಾರಿಗೂ ಅಪರಿಚಿತವಲ್ಲ. ಫಾರ್ಮ್‌ಹೌಸಿನ ಮಾತು ನಮ್ಮ ಊಟದ ಮೇಜುಗಳಲ್ಲಿ ನಡೆಯುತ್ತಲೇ ಇರುತ್ತದೆ.

ಇಷ್ಟು ಹೇಳಿದ ಮೇಲೆ 'ಎಲ್ಲ ದೇಶಗಳೂ ಒಂದೇ' ಎಂದು ಕೈತೊಳೆದುಕೊಳ್ಳುವವನು ನಾನಲ್ಲ. ಹಾಗೆನ್ನುವುದು ಸುಲಭ, ಪ್ರಗತಿಪರರೆನಿಸಿಕೊಂಡ ನಮಗೆ ಅದು ಚಟವೂ ಆಗಿದೆ. 2023ರಲ್ಲಿ ಭಾರತದ ತಲಾ ಉತ್ಪನ್ನ ಸುಮಾರು 2,500 ಡಾಲರ್ ಇತ್ತು. ಅಮೆರಿಕದ್ದು 80,000 ದಾಟಿತ್ತು. ಈ ಅಂತರ ಕಟ್ಟುಕಥೆಯಲ್ಲ. ಆದರೆ ಹಣವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ನಮ್ಮ ಕಾಸರಗೋಡಿನವರು ಸಾಕ್ಷಿ ಹೇಳಬಲ್ಲರು. 2020ರಲ್ಲಿ ಕೇರಳದ ಶಿಶುಮರಣ ಪ್ರಮಾಣ ಸಾವಿರಕ್ಕೆ 6. ಅದೇ ವರ್ಷ ಅಮೆರಿಕದ್ದು 5ಕ್ಕಿಂತ ತುಸು ಮೇಲೆ.

ವ್ಯತ್ಯಾಸ ನಿಜವಾಗಿ ಎಲ್ಲಿದೆಯೆಂದು ಕೇಳಿದರೆ ನಾನು ರಸ್ತೆಯ ಮ್ಯಾನ್‌ಹೋಲ್ ತೋರಿಸುತ್ತೇನೆ. 1993ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ, ಇಕ್ಕಟ್ಟಾದ ಒಳಜಾಗಗಳಿಗೆ ಕೆಲಸಗಾರರನ್ನು ಇಳಿಸುವ ಕುರಿತು ನಿಯಮ ತಂದಿತು: ಒಳಗಿನ ಗಾಳಿಯನ್ನು ಪರೀಕ್ಷಿಸಬೇಕು, ಲಿಖಿತ ಪರವಾನಗಿ ಬೇಕು, ಹೊರಗೆ ಒಬ್ಬ ಕಾವಲಿರಬೇಕು, ಮೇಲೆತ್ತುವ ವ್ಯವಸ್ಥೆ ಇರಬೇಕು. ತಪ್ಪಿದರೆ ದಂಡ. ಅದೇ 1993ರಲ್ಲಿ ಭಾರತದ ಸಂಸತ್ತು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, ಎಪ್ಪತ್ತರ ದಶಕದಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದರು. 2013ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂದಿತು. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರುತ್ತಿದೆಯೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಬೆಂಗಳೂರಿನಲ್ಲಿ ಯಂತ್ರಗಳಿಲ್ಲವೆ? ಇವೆ. ಉಪಗ್ರಹಗಳನ್ನು ಕಳಿಸುವ ಊರು ಅದು. ಯಂತ್ರಕ್ಕಿಂತ ಅಗ್ಗವಾಗಿ ಸಿಗುವ ಮನುಷ್ಯನೊಬ್ಬ ಇರುವವರೆಗೆ, ಮತ್ತು ಅವನು ಯಾವ ಕೇರಿಯವನೆಂದು ಎಲ್ಲರಿಗೂ ಮೊದಲೇ ಗೊತ್ತಿರುವವರೆಗೆ, ಯಂತ್ರ ಶೆಡ್ಡಿನಲ್ಲೇ ನಿಂತಿರುತ್ತದೆ. ಇದನ್ನು ಬಂಡವಾಳದ ಕೊರತೆ ಎಂದು ಬರೆದು ಅಂಕ ಪಡೆಯಲಾಗದು. ಇದರ ಹೆಸರು ಜಾತಿ.

ಹಾಗೆಂದು ಟೆಕ್ಸಾಸ್ ಮುಂದೆ ಮುಂದೆ ಹೋಗುತ್ತಿದೆ ಎಂದೂ ಅಲ್ಲ. ಆಸ್ಟಿನ್ ನಗರ 2010ರಲ್ಲಿ, ಡಾಲಸ್ 2015ರಲ್ಲಿ ಕಟ್ಟಡ ಕಾರ್ಮಿಕರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷದ ವಿರಾಮ ಕಡ್ಡಾಯ ಮಾಡಿದ್ದವು. ಹತ್ತು ನಿಮಿಷ, ನೀರು ಕುಡಿಯಲು. 2023ರಲ್ಲಿ ರಾಜ್ಯದ ಶಾಸನಸಭೆ ಇಂತಹ ನಗರ ನಿಯಮಗಳ ಬುಡವನ್ನೇ ಕತ್ತರಿಸುವ ಕಾನೂನು ಮಾಡಿತು. ನಮ್ಮ ಹೊಸ ಬಡಾವಣೆಗಳ ಸೂರಿನ ಮೇಲೆ ಆಗಸ್ಟಿನ ಬಿಸಿಲಲ್ಲಿ ಹಲಗೆ ಬಡಿಯುತ್ತಿರುವವರು ಬಹುತೇಕ ಮೆಕ್ಸಿಕೊ, ಹೊಂಡುರಾಸ್ ಕಡೆಯವರು. ಅವರೂ ನಮ್ಮ ಹಾಗೆ ಗೆರೆ ದಾಟಿ ಬಂದವರೇ. ಅದೇ 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆಗೆ ಅವಕಾಶ ಕೊಟ್ಟಿತು. ಹೂಡಿಕೆ ಬರಬೇಕೆಂಬುದು ಎರಡೂ ಕಡೆಯ ವಾದ. ಒಂದು ಸರ್ಕಾರ ಇನ್ನೊಂದನ್ನು ನೋಡಿ ಕಲಿಯಿತೆಂದು ನಾನು ಹೇಳುತ್ತಿಲ್ಲ. ಇಬ್ಬರಿಗೂ ಪಾಠ ಹೇಳಿದ ಮೇಷ್ಟ್ರು ಒಬ್ಬರೇ.

2021ರ ಫೆಬ್ರವರಿಯ ಚಳಿಯನ್ನು ನೀವು ಮರೆತಿರಲಾರಿರಿ. ಒಕ್ಕೂಟ ಸರ್ಕಾರದ ನಿಯಂತ್ರಣ ಬೇಡವೆಂದು ತನ್ನ ವಿದ್ಯುತ್ ಜಾಲವನ್ನು ನೆರೆಯ ರಾಜ್ಯಗಳಿಂದ ಬೇರೆಯಾಗಿಯೇ ಇಟ್ಟುಕೊಂಡ ಟೆಕ್ಸಾಸ್, ಚಳಿಗೆ ಸಜ್ಜಾಗಿರದ ಅನಿಲ ಕೊಳವೆಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿದಾಗ ಕತ್ತಲಾಯಿತು. ರಾಜ್ಯದ ಅಧಿಕೃತ ಲೆಕ್ಕದಲ್ಲೇ 246 ಸಾವು. ಆಮೇಲೆ ನಮ್ಮ ಬೀದಿಗಳಲ್ಲಿ ಮನೆಗೊಂದು ಜನರೇಟರ್ ಬಂತು. ಬೆಂಗಳೂರಿನಲ್ಲಿ ಯುಪಿಎಸ್, ನೀರಿನ ಟ್ಯಾಂಕರ್, ಗೇಟಿನ ಒಳಗಿನ ಬಡಾವಣೆ ಇವೆಲ್ಲ ಬಂದದ್ದೂ ಹೀಗೆಯೇ: ಸಾರ್ವಜನಿಕವಾದದ್ದು ಸೋತಾಗ ಉಳ್ಳವರು ಸರಿಪಡಿಸಲು ಹೋಗದೆ ಹೊರನಡೆದರು.

ಕೊನೆಗೆ ಮತ್ತೊಮ್ಮೆ ಮಂಡ್ಯ. ನೀರು, ಸಕ್ಕರೆ, ಶಾಲೆ, ರೈಲು ಎಲ್ಲ ಇರುವ ಜಿಲ್ಲೆಯದು. ಕಬ್ಬು ಕೊಟ್ಟ ಹದಿನಾಲ್ಕು ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂಬ ಆದೇಶ 1966ರಿಂದಲೂ ಇದೆ. ಆದರೂ 2015ರಲ್ಲಿ ಅಲ್ಲಿನ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. 2023ರ ಕೊನೆಯಲ್ಲಿ ಪೊಲೀಸರು ಬಯಲಿಗೆಳೆದ ಹೆಣ್ಣು ಭ್ರೂಣಹತ್ಯೆಯ ಜಾಲದಲ್ಲಿ, ಸ್ಕ್ಯಾನಿಂಗ್ ನಡೆಯುತ್ತಿದ್ದುದು ಮಂಡ್ಯದ ಒಂದು ಆಲೆಮನೆಯಲ್ಲಿ. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. ಮುಂದುವರಿದ ದೇಶಗಳಲ್ಲಿ ರೂಪುಗೊಂಡ ಆ ಯಂತ್ರ ಹಳ್ಳಿಗೆ ತಲುಪುವುದಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಅದನ್ನು ಹಾಗೆ ಬಳಸಬಾರದೆಂಬ 1994ರ ಕಾನೂನಿಗೆ ಮಾತ್ರ ಆಲೆಮನೆಯ ದಾರಿ ಸಿಗಲಿಲ್ಲ. ಆ ತಾಯಂದಿರಲ್ಲಿ ಎಷ್ಟೋ ಮಂದಿ ಬಡವರಾಗಿರಲಿಲ್ಲ ಎಂಬುದನ್ನು ತಲಾದಾಯದ ಕೋಷ್ಟಕ ಹೇಗೆ ವಿವರಿಸೀತು?

ಮೈಶುಗರ್ ಕಾರ್ಖಾನೆ ಕೆಲವು ವರ್ಷ ಮುಚ್ಚಿದ್ದು, ಸರ್ಕಾರದ ಒಡೆತನದಲ್ಲೇ ಉಳಿಯಬೇಕೆಂದು ರೈತರು ಹೋರಾಡಿದ ಮೇಲೆ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಇಲ್ಲಿ ಮಂಡ್ಯ ಕಡೆಯವರು ಹಲವರಿದ್ದೀರಿ. ಖಾಸಗಿಗೆ ಕೊಟ್ಟುಬಿಡಲಿ ಎಂದು ಆಗ ಬಲವಾಗಿ ವಾದಿಸಿದವರೂ ಈ ಸಭೆಯಲ್ಲಿದ್ದೀರಿ. ನನ್ನ ಸಮಯ ಮುಗಿಯಿತು, ನಿಮ್ಮ ಮಾತು ಕೇಳಬೇಕು.