ಹಳೇ ಊರು ಕಟ್ಟಿದರು, ಕೇರಿ ಎಲ್ಲಿ?

(ವಿದ್ಯಾರ್ಥಿನಿಲಯದ ಸಭೆಯಲ್ಲಿ ಮಾಡಿದ ಭಾಷಣ)

ಗೆಳೆಯರೆ,

ಅಮೆರಿಕಾದ ವರ್ಜೀನಿಯಾದಲ್ಲಿ ವಿಲಿಯಮ್ಸ್‌ಬರ್ಗ್ ಅಂತ ಒಂದು ಊರಿದೆ. 18ನೇ ಶತಮಾನದ ಆ ಊರನ್ನು ಇದ್ದ ಜಾಗದಲ್ಲೇ ಮತ್ತೆ ಎತ್ತಿ ನಿಲ್ಲಿಸಿ, ಬಯಲು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕೆಲಸ ಶುರುವಾದದ್ದು 1926ರಲ್ಲಿ. ಹಣ ರಾಕ್‌ಫೆಲರ್ ಸಾಹುಕಾರನದು. ನೋಡಲು ಹೋದರೆ ಗವರ್ನರನ ಅರಮನೆ, ಕಮ್ಮಾರಸಾಲೆ, ಅಚ್ಚುಕೂಟ, ಆ ಕಾಲದ ಉಡುಪು ತೊಟ್ಟ ಜನ ಎಲ್ಲ ಕಾಣುತ್ತೆ. ಚೆಂದವಾಗೇ ಇದೆ.

ಆದರೆ ಒಂದು ಲೆಕ್ಕ ಕೇಳಿ. ಅಮೆರಿಕಾ ಸ್ವತಂತ್ರವಾಗುವ ಹೊತ್ತಿಗೆ ಆ ಊರಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ. ಅವರಲ್ಲಿ ಬಹುಪಾಲು ಗುಲಾಮರು. ಆ ಅರಮನೆಯಲ್ಲಿ ಅಡಿಗೆ ಮಾಡಿದವರು, ನೀರು ಹೊತ್ತವರು, ಕುದುರೆ ತಿಕ್ಕಿದವರು ಅವರೇ. ಐವತ್ತು ವರ್ಷ ಅವರ ಕಥೆಗೆ ಅಲ್ಲಿ ಜಾಗವೇ ಸಿಕ್ಕಿರಲಿಲ್ಲ ಅನ್ನಬಹುದು. 1979ರಲ್ಲಿ ಕಪ್ಪು ಕಲಾವಿದರು ಬಂದು ಗುಲಾಮರ ಬದುಕನ್ನು ಆಡಿ ತೋರಿಸತೊಡಗಿದರು.

1994ರಲ್ಲಿ ಗುಲಾಮರ ಹರಾಜನ್ನೇ ಬೀದಿಯಲ್ಲಿ ಆಡಿದರು. ಆಗ ಕಪ್ಪು ಜನರ ಸಂಘಟನೆಗಳು ಪ್ರತಿಭಟಿಸಿದವು. ನಮ್ಮ ನೋವು ನೋಡುವವರಿಗೆ ತಮಾಷೆಯಾಗಬಾರದು ಅಂತ ಅವರ ವಾದ. ಆಡಿಸಿದ ತಂಡದವರೂ ಕಪ್ಪು ಜನರೇ. ಮುಚ್ಚಿಟ್ಟರೆ ನಡೆದದ್ದು ಯಾರಿಗೂ ತಿಳಿಯೋದಿಲ್ಲ ಅಂತ ಇವರ ವಾದ. ಎರಡೂ ನಮಗೆ ಅರ್ಥವಾಗುವ ಮಾತೇ, ಅಲ್ಲವೆ?

ಇನ್ನೊಂದು ಸಂಗತಿ. ಅದೇ ಊರಲ್ಲಿ ಗುಲಾಮರೂ ಬಿಡುಗಡೆಯಾದ ಕಪ್ಪು ಜನರೂ ಸೇರಿ 1776ರಲ್ಲಿ ಒಂದು ಚರ್ಚು ಕಟ್ಟಿಕೊಂಡಿದ್ದರು. ಮೊದಮೊದಲು ಕದ್ದುಮುಚ್ಚಿ ಸೇರುತ್ತಿದ್ದರು. 1856ರಲ್ಲಿ ಇಟ್ಟಿಗೆಯ ಚರ್ಚು ಎದ್ದಿತು. ಊರನ್ನು 'ಹಳೇದು' ಮಾಡುವವರು 1950ರ ದಶಕದಲ್ಲಿ ಆ ಚರ್ಚನ್ನು ಕೊಂಡು ಕೆಡವಿದರು. ಆಮೇಲೆ ಆ ನೆಲದ ಮೇಲೆ ಕಾರು ನಿಲ್ಲಿಸುವ ಜಾಗ ಮಾಡಿದರು. 2020ರಲ್ಲಿ ಅಗೆದಾಗ ಹಳೇ ಚರ್ಚಿನ ತಳಪಾಯ ಸಿಕ್ಕಿತು. 60ಕ್ಕೂ ಹೆಚ್ಚು ಸಮಾಧಿಗಳೂ ಸಿಕ್ಕವು. ಅಗೆತಕ್ಕೆ ಒತ್ತಾಯಿಸಿದವರು ಆ ಚರ್ಚಿನ ಜನ, ಸತ್ತವರ ಮೊಮ್ಮಕ್ಕಳ ಮಕ್ಕಳು.

ಗೆಳೆಯರೆ, ಯಾವ ಮನೆ ಉಳೀಬೇಕು, ಯಾವುದು ಬೀಳಬೇಕು ಅನ್ನೋದನ್ನ ಹಣವೂ ಅಧಿಕಾರವೂ ಇದ್ದವರು ತೀರ್ಮಾನಿಸುತ್ತಾರೆ. ನಮ್ಮಲ್ಲೂ ವಾಡೆ, ತೊಟ್ಟಿಮನೆ ಉಳಿಸುತ್ತಾರೆ. ಉಳಿಸಲಿ, ಬೇಡ ಅನ್ನೋದಿಲ್ಲ. ಅದರ ಮಣ್ಣು ತುಳಿದವರ ಗುಡಿಸಲು ಎಲ್ಲಿ ಅಂತ ಕೇಳೋಣ.

ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಹತ್ತಿರ ಕೂತುಕೊಳ್ಳಿ. ಕೇರಿಯ ಮೊದಲ ಗುಡಿಸಲು ಎಲ್ಲಿತ್ತು, ನೀರು ಎಲ್ಲಿಂದ ತರುತ್ತಿದ್ದರು, ಯಾರ ಮನೆಯಲ್ಲಿ ಜೀತಕ್ಕಿದ್ದರು, ಎಲ್ಲ ಬರೆದುಕೊಳ್ಳಿ. ಹೆಸರು ಸಮೇತ ಬರೆಯಿರಿ. ಅಜ್ಜಿ ಹೋದ ಮೇಲೆ ಅಗೆದರೂ ಅದು ಸಿಕ್ಕೋದಿಲ್ಲ.

ಜೈ ಭೀಮ್.