ಮನೆ ಸಾಲದ ಬಡ್ಡಿ ಸಿಪಿಐನಲ್ಲಿ ಎಲ್ಲಿದೆ?

ಸಂಬಳ ಹೆಚ್ಚಳದ ಮಾತು ಬಂದಾಗ ಇಲ್ಲಿ ಆಸ್ಟ್ರೇಲಿಯಾದಲ್ಲಿ ನಾವೆಲ್ಲ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐಯನ್ನೇ ನೆಚ್ಚಿಕೊಳ್ಳುತ್ತೇವೆ. ಆದರೆ 1998ರಿಂದ ಅದರಲ್ಲಿ ಮನೆ ಸಾಲದ ಬಡ್ಡಿಯೇ ಇಲ್ಲ! ಬಾಡಿಗೆ ಇದೆ, ಹೊಸ ಮನೆ ಕಟ್ಟಿಸುವ ಖರ್ಚಿದೆ; ಸೈಟಿನ ಬೆಲೆ ಇಲ್ಲ.

ಬಡ್ಡಿಯನ್ನೂ ಸೇರಿಸಿದರೆ, ಹಣದುಬ್ಬರ ತಗ್ಗಿಸಲು ರಿಸರ್ವ್ ಬ್ಯಾಂಕು ದರ ಏರಿಸಿದಾಗಲೆಲ್ಲ ಸೂಚ್ಯಂಕವೇ ಏರುತ್ತದೆ. ಲೆಕ್ಕಿಗನಾಗಿ ಈ ತರ್ಕ ಒಪ್ಪುತ್ತೇನೆ. ಕಂತು ಕಟ್ಟುವವನಾಗಿ, ಕಷ್ಟ.

2023ರ ಜೂನ್ ತ್ರೈಮಾಸಿಕದಲ್ಲಿ ಸಿಪಿಐನ ವಾರ್ಷಿಕ ಏರಿಕೆ ಶೇ. 6.0. ಅದೇ ಅಂಕಿಅಂಶ ಸಂಸ್ಥೆ ಬಡ್ಡಿ ಸೇರಿಸಿ ಪ್ರಕಟಿಸುವ, ಸಂಬಳದಾರ ಕುಟುಂಬಗಳ ಜೀವನವೆಚ್ಚ ಸೂಚ್ಯಂಕದಲ್ಲಿ ಶೇ. 9.6. ಮುಂದಿನ ಸಲ ಮ್ಯಾನೇಜರ್ ಎದುರು ಕೂರುವಾಗ ಈ ಎರಡನೇ ಹಾಳೆಯನ್ನೂ ಜೊತೆಗೆ ಒಯ್ಯಿರಿ.