ಮದುವೆ ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಸಾಲು



ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಆಯುಷ್ಯವೆಲ್ಲ ಜಮಾ-ಖರ್ಚು ಬರೆದು, ಈಗ ನಿವೃತ್ತನಾಗಿ ತಾಳವಾಡಿ ಸೀಮೆಯ ನಮ್ಮ ಹಳ್ಳಿಯಲ್ಲಿ ನೆಲೆಸಿದವನು. ಇಂಥವನು ಬಸುರಿ ಹೆಂಗಸರು ನುಂಗುವ ಮಾತ್ರೆಯ ವಿಷಯ ಮಾತಾಡುವುದೇನು ಎಂದು ನೀವು ನಗಬಹುದು. ಆದರೆ ಇದು ಗಂಡಸರೂ ತಿಳಿದಿರಬೇಕಾದ ಮಾತು ಎಂಬುದನ್ನು ನಾನು ತಡವಾಗಿ ಕಲಿತೆ. ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ನಮ್ಮೂರಿನ ಒಂದು ಪ್ರಸಂಗ. ಆರೋಗ್ಯ ಕೇಂದ್ರದ ನರ್ಸಮ್ಮ ಬಸುರಿಯೊಬ್ಬಳಿಗೆ ಮಾತ್ರೆ ಕೊಟ್ಟು, "ಇದು ಇರುಂಬು ಸತ್ತು ಮಾತ್ರೆ, ದಿನಾ ಒಂದು" ಎಂದು ತಮಿಳಿನಲ್ಲಿ ತಿಳಿಸಿ ಹೋದರು. ತಮಿಳಿನಲ್ಲಿ 'ಇರುಂಬು' ಎಂದರೆ ಕಬ್ಬಿಣ, 'ಸತ್ತು' ಎಂದರೆ ಸತ್ವ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಗುಂಡ್ಲುಪೇಟೆ ಕಡೆಯಿಂದ ಬಂದಿದ್ದ ಅವಳ ಅಜ್ಜಿಗೆ ಗೊತ್ತಿರಲಿಲ್ಲ. "ಹೊಟ್ಟೇಲಿ ಕೂಸಿರೋಳಿಗೆ ಸತ್ತು ಅನ್ನೋ ಮಾತ್ರೆ ಕೊಡ್ತಾರಾ?" ಎಂದು ಹೌಹಾರಿ ಎಲ್ಲವನ್ನೂ ತಿಪ್ಪೆಗೆ ಎಸೆದುಬಿಟ್ಟರು. ನಾವು ಜಗಲಿಯ ಮೇಲೆ ಕೂತು ಬಹಳ ನಕ್ಕೆವು. ಎರಡು ಭಾಷೆ ಬಲ್ಲ ನಾನು ಆ ಅಜ್ಜಿಗಿಂತ ಹೆಚ್ಚು ತಿಳಿದವನೇನೂ ಆಗಿರಲಿಲ್ಲ.

2013ರಲ್ಲಿ ನನ್ನ ಮಗಳ ಮದುವೆ. ಮೂರು ತಿಂಗಳ ಮುಂಚೆಯೇ ಒಂದು ನೋಟುಪುಸ್ತಕ ತೆರೆದು ಪಟ್ಟಿ ಮಾಡಿದೆ. ಚಪ್ಪರ, ಓಲಗ, ಅಡುಗೆಯವರು, ಸೀರೆ, ಬಸ್ಸು, ವೀಳ್ಯದೆಲೆಯವರೆಗೆ ಯಾವುದನ್ನೂ ಬಿಡಲಿಲ್ಲ. ಮುಂದಿನ ವರ್ಷ ಮಗಳು ಗರ್ಭಿಣಿಯಾದ ಸುದ್ದಿ ಬಂತು. "ಮೂರು ತಿಂಗಳು ತುಂಬೋವರೆಗೆ ಯಾರಿಗೂ ಹೇಳಬೇಡಿ, ಕಣ್ಣು ತಗಲುತ್ತೆ" ಎಂದು ಮನೆಯವರೆಲ್ಲ ಬಾಯಿ ಕಟ್ಟಿಕೊಂಡೆವು. ಆಸ್ಪತ್ರೆಗೆ ಹೋದದ್ದು ಐದನೆಯ ತಿಂಗಳಲ್ಲಿ. ಸ್ಕ್ಯಾನಿನಲ್ಲಿ ಕೂಸಿನ ತಲೆಬುರುಡೆಯೇ ಬೆಳೆದಿರಲಿಲ್ಲ. ಉಳಿಯುವ ಕೂಸಲ್ಲ ಎಂದರು. ಅದಕ್ಕಿಂತ ಹೆಚ್ಚಿಗೆ ಹೇಳಲಾರೆ.

ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ನಾನೇನು ತಪ್ಪು ಮಾಡಿದೆ?" ಡಾಕ್ಟರಮ್ಮ ಅವಳ ತಲೆ ನೇವರಿಸಿ, "ನಿನ್ನ ತಪ್ಪಲ್ಲಮ್ಮ, ಇದಕ್ಕೆ ಕಾರಣ ಹಲವು. ಆದರೆ ಮುಂದಿನ ಸಲ ಬಸುರಿಯಾಗೋಕೆ ಮುಂಚೇನೇ ನನ್ನ ಹತ್ತಿರ ಬಾ. ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಬೇಕು" ಎಂದರು. ಬಸುರಿಯಾದ ಮೇಲಲ್ಲವೇ ಮಾತ್ರೆ ಎಂದು ನಾನು ಕೇಳಿದೆ. ಆಕೆ ವಿವರಿಸಿ ಹೇಳಿದ್ದನ್ನು ನಿಮಗೆ ಒಪ್ಪಿಸುತ್ತೇನೆ.

ಕೂಸಿನ ಮಿದುಳು ಮತ್ತು ಬೆನ್ನುಹುರಿ ಮೊದಲು ಒಂದು ಕೊಳವೆಯಾಗಿ ರೂಪುಗೊಳ್ಳುತ್ತವೆ. ಗರ್ಭ ನಿಂತ 28 ದಿನಗಳೊಳಗೆ ಆ ಕೊಳವೆ ಮುಚ್ಚಿಕೊಳ್ಳಬೇಕು. ಮೇಲ್ಗಡೆ ಮುಚ್ಚದಿದ್ದರೆ ತಲೆಬುರುಡೆ ಬೆಳೆಯುವುದಿಲ್ಲ, ಕೆಳಗೆ ಮುಚ್ಚದಿದ್ದರೆ ಬೆನ್ನು ತೆರೆದ ಕೂಸು ಹುಟ್ಟುತ್ತದೆ. ಆ 28 ದಿನ ಕಳೆಯುವಾಗ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ತಿಳಿದಿರುವುದಿಲ್ಲ. ಬ್ಯಾಂಕಿನವನಾದ ನನಗೆ ಇದು ಕೂಡಲೇ ಅರ್ಥವಾಯಿತು. ಚೆಕ್ಕು ಬಂದ ದಿನ ಖಾತೆಯಲ್ಲಿ ಹಣ ಇರಬೇಕು. ಆಮೇಲೆ ಎಷ್ಟು ಕಟ್ಟಿದರೂ ವಾಪಸಾದ ಚೆಕ್ಕು ವಾಪಸೇ.

ಈ ಔಷಧದ ಚರಿತ್ರೆಯಲ್ಲಿ ನಮ್ಮ ನೆರೆಯ ನೀಲಗಿರಿಯೂ ಇದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಗಿರಣಿ ಕೆಲಸದ ಬಡ ಬಸುರಿಯರು ರಕ್ತ ಬತ್ತಿ ಸಾಯುವುದೇಕೆ ಎಂದು ಹುಡುಕಿದರು. 1929ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಈಸ್ಟಿನ ಸಾರ ಕೊಟ್ಟರೆ ಆ ರಕ್ತಹೀನತೆ ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ಸತ್ವವೇ ಫೋಲಿಕ್ ಆಸಿಡ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಆ ಹೆಸರಿಟ್ಟರು. 1991ರಲ್ಲಿ ಏಳು ದೇಶಗಳ ಒಂದು ಪರೀಕ್ಷೆಯ ಫಲ ಹೊರಬಂತು. ಹಿಂದೆ ಇಂಥ ಕೂಸನ್ನು ಹೆತ್ತಿದ್ದ ತಾಯಂದಿರಿಗೆ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಸಿಡ್ ಕೊಟ್ಟಾಗ ದೋಷ ಮರುಕಳಿಸುವುದು ನೂರಕ್ಕೆ 72 ಪಾಲು ತಗ್ಗಿತ್ತು. ಪೂರ್ತಿ ನಿಲ್ಲಲಿಲ್ಲ, ಆದರೆ ಬಹುಪಾಲು ತಪ್ಪಿತು.

"ನಮ್ಮ ಅಜ್ಜಿಯರು ಸೊಪ್ಪು-ಮುದ್ದೆ ತಿಂದು ಹೆರಲಿಲ್ಲವೇ?" ಎಂದು ನೀವು ಕೇಳಬಹುದು. ಹೆತ್ತರು, ಕಳೆದುಕೊಂಡ ಕೂಸುಗಳ ಲೆಕ್ಕ ಯಾರೂ ಬರೆದಿಡಲಿಲ್ಲ. ಸೊಪ್ಪು, ಕಾಳು ಖಂಡಿತ ತಿನ್ನಬೇಕು. ಆದರೆ ಈ ಸತ್ವ ಬೇಯಿಸಿದ ನೀರಿಗೆ ಇಳಿಯುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಆ ನೀರು ಚೆಲ್ಲುವುದಿಲ್ಲ, ಒಳ್ಳೆಯದೇ. ಆದರೂ ಕುದಿಯುವಾಗ ಒಂದಷ್ಟು ಕೆಡುತ್ತದೆ. ಆದ್ದರಿಂದಲೇ ಊಟದ ಜೊತೆಗೆ ಮಾತ್ರೆ.

ಈಗ ಮಾಡಬೇಕಾದ್ದು. ಮಗು ಬೇಕೆಂದು ಯೋಚಿಸುವ ಹೆಣ್ಣು ಕನಿಷ್ಠ ಒಂದು ತಿಂಗಳು ಮುಂಚಿನಿಂದ, ಗರ್ಭ 12 ವಾರ ತುಂಬುವವರೆಗೆ, ದಿನಕ್ಕೆ 400 ಮೈಕ್ರೋಗ್ರಾಂ, ಅಂದರೆ 0.4 ಮಿಲಿಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಬೇಕು. ನಾಲ್ಕನೆಯ ತಿಂಗಳಿಂದ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಎರಡೂ ಸೇರಿದ ಕೆಂಪು ಮಾತ್ರೆ ದಿನಕ್ಕೊಂದು, 180 ದಿನ. ಹೆರಿಗೆಯಾದ ಮೇಲೆ ಇನ್ನೂ 180 ದಿನ. ಇದನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಮಾತ್ರೆಯನ್ನು ಟೀ, ಕಾಫಿ, ಹಾಲಿನ ಜೊತೆ ನುಂಗಬೇಡಿ; ನಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ. ಮಲ ಕಪ್ಪಾದರೆ ಗಾಬರಿ ಬೇಡ, ಕೂಸು ಕಪ್ಪಾಗುವುದಿಲ್ಲ. ಓಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ನುಂಗಿ; ಬಿಡಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 52 ಗರ್ಭಿಣಿಯರಿಗೆ ರಕ್ತಹೀನತೆ ಇತ್ತು. 180 ದಿನ ಮಾತ್ರೆ ನುಂಗಿದ ತಾಯಂದಿರು ನೂರಕ್ಕೆ 26 ಮಾತ್ರ.

ಹಿಂದೆ ಇಂಥ ಕೂಸು ಹುಟ್ಟಿದ್ದವರಿಗೆ, ಮೂರ್ಛೆರೋಗದ ಔಷಧ ತೆಗೆದುಕೊಳ್ಳುವವರಿಗೆ ಪ್ರಮಾಣ ಹೆಚ್ಚು ಬೇಕಾಗಬಹುದು. ಅದನ್ನು ಡಾಕ್ಟರೇ ನಿರ್ಧರಿಸಬೇಕು. ಮೂರ್ಛೆಯ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಅಂಗಡಿಯಿಂದ ಟಾನಿಕ್ಕು, ವಿಟಮಿನ್ನು ತಂದು ಮೇಲೆ ಮೇಲೆ ಸೇರಿಸಬೇಡಿ. ವಿಟಮಿನ್ ಎ ಅತಿಯಾದರೆ ಕೂಸಿಗೇ ತೊಂದರೆ.

ಗಡಿಯವರಾದ ನಮಗೆ ಇನ್ನೊಂದು ಮಾತು. ನಮ್ಮ ಹೆಣ್ಣುಮಕ್ಕಳು ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಸೊಸೆಯಾಗಿ ಹೋಗುತ್ತಾರೆ, ಹೆರಿಗೆಗೆ ತವರಿಗೆ ಬರುತ್ತಾರೆ. ರಾಜ್ಯ ಬದಲಾಗುತ್ತದೆ, ನರ್ಸಮ್ಮ ಬದಲಾಗುತ್ತಾರೆ, ಭಾಷೆ ಬದಲಾಗುತ್ತದೆ. ನಡುವೆ ಮಾತ್ರೆ ನಿಂತುಹೋಗುತ್ತದೆ. ತಾಯಿಯ ಕಾರ್ಡನ್ನೂ ಉಳಿದ ಮಾತ್ರೆಯನ್ನೂ ಸೀರೆಯ ಜೊತೆ ಕಟ್ಟಿ ಕಳುಹಿಸಿ. ಚೀಟಿಯಲ್ಲಿ ಬರೆದದ್ದು ತಿಳಿಯದಿದ್ದರೆ ಕೇಳಿ; ಕೇಳುವುದು ಅವಮಾನವಲ್ಲ.

ನನ್ನ ಮಗಳು ಎರಡನೆಯ ಸಲ ಮುಂಚೆಯೇ ಡಾಕ್ಟರನ್ನು ಕಂಡಳು, ಅವರು ಹೇಳಿದಷ್ಟು ದಿನ ಮಾತ್ರೆ ನುಂಗಿದಳು. ನನ್ನ ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊದಲನೆಯ ಕೂಸಿಗೂ ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿತ್ತೆಂದು ಆಣೆಯಿಟ್ಟು ಹೇಳಲಾರೆ. ಆದರೆ ಆ ನೋಟುಪುಸ್ತಕ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ವೀಳ್ಯದೆಲೆಗೆ ಒಂದು ಸಾಲು ಇದೆ, ಇದಕ್ಕೆ ಇಲ್ಲ. ನಿಮ್ಮ ಮನೆಯಲ್ಲಿ ಈ ವರ್ಷ ಮದುವೆ ಇದ್ದರೆ, ಪಟ್ಟಿ ಬರೆಯುವವರು ನೀವಾಗಿದ್ದರೆ, ದಯವಿಟ್ಟು ಆ ಸಾಲನ್ನು ಸೇರಿಸಿಕೊಳ್ಳಿ.